ರಾಣಿಯ ಒಡವೆ ಎಲ್ಲಿತ್ತು?

ಸುಡಾನಿನ ರಾಜಧಾನಿ ಖಾರ್ಟೂಮಿನಿಂದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರು ಹೋದರೆ, ನೈಲ್ ನದಿಯ ಪೂರ್ವ ದಂಡೆಯಿಂದ ತುಸು ಒಳಗೆ ಬೆಗ್ರವಿಯ ಎಂಬ ಹಳ್ಳಿ ಇದೆ. ಹಳ್ಳಿಯಾಚೆಯ ಮರಳುಗಲ್ಲಿನ ದಿಣ್ಣೆಗಳ ಮೇಲೆ ಪಿರಮಿಡ್ಡುಗಳ ಸಾಲು ಕಾಣುತ್ತದೆ. ಇದು ಪ್ರಾಚೀನ ಮೆರೊಯಿ ನಗರದ ರಾಜಸ್ಮಶಾನ. ದೂರದಿಂದ ನೋಡಿದವರಿಗೆ ಮೊದಲು ಹೊಳೆಯುವುದು, ಇವುಗಳಲ್ಲಿ ಬಹುಪಾಲಿಗೆ ತಲೆಯೇ ಇಲ್ಲ ಎಂಬುದು. ಕೆಲವಕ್ಕೆ ತುದಿ ಹೋಗಿದೆ, ಕೆಲವಕ್ಕೆ ಅರ್ಧ ಮೈ ಹೋಗಿದೆ. ಪುರಾತತ್ವಜ್ಞರು 'ಉತ್ತರ ಸ್ಮಶಾನ, ಸಂಖ್ಯೆ 6' ಎಂದು ಗುರುತು ಹಾಕಿರುವ ಒಂದು ಪಿರಮಿಡ್ಡು ಮಾತ್ರ ಬುಡಮಟ್ಟ ಹೋಗಿ ಕಲ್ಲುಗುಪ್ಪೆಯಾಗಿ ಉಳಿದಿದೆ.

ಈ ಗುಪ್ಪೆ ಒಂದು ಕಾಲಕ್ಕೆ ಆ ಸ್ಮಶಾನದ ಅತಿ ಚೆಂದದ ಪಿರಮಿಡ್ಡುಗಳಲ್ಲಿ ಒಂದಾಗಿತ್ತು. 1821ರಲ್ಲಿ ಈಜಿಪ್ಟಿನ ಸೇನೆಯ ಜೊತೆಗೆ ಇಲ್ಲಿಗೆ ಬಂದ ಫ್ರೆಂಚ್ ಪ್ರವಾಸಿ ಫ್ರೆಡರಿಕ್ ಕಾಯೋ ಅದರ ಚಿತ್ರ ಬರೆದುಕೊಂಡ. ಅವನ ಚಿತ್ರದಲ್ಲಿ ಅದು ಸುಮಾರು 28 ಮೀಟರ್ ಎತ್ತರಕ್ಕೆ, ಹೆಚ್ಚುಕಡಿಮೆ ಮುಕ್ಕಾಗದೆ ನಿಂತಿದೆ. ಅಲ್ಲಿಂದ ಹದಿಮೂರು ವರ್ಷಕ್ಕೆ ಅದು ಇರಲಿಲ್ಲ. ಎರಡು ಸಾವಿರ ವರ್ಷದ ಬಿಸಿಲು, ಮರಳುಗಾಳಿ ಮಾಡಲಾಗದ ಕೆಲಸವನ್ನು ಒಬ್ಬ ವೈದ್ಯ ಮಾಡಿ ಮುಗಿಸಿದ್ದ.

ಪಿರಮಿಡ್ಡಿನ ಒಡತಿಯ ಹೆಸರು ಅಮಾನಿಶಖೇತೊ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಕೊನೆ ಮತ್ತು ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ ಕುಶ್ ರಾಜ್ಯವನ್ನು ಆಳಿದವಳು. ಹೆಸರಿನ ಮೊದಲ ಭಾಗವಾದ 'ಅಮಾನಿ' ಎಂದರೆ ಅಮುನ್ ದೇವರು. ಈಜಿಪ್ಟಿನ ಅಮುನ್ ದಕ್ಷಿಣಕ್ಕೆ ಬಂದು ಟಗರಿನ ಮುಖ ಹೊತ್ತು ಕುಶ್ ಅರಸರ ಮನೆದೇವರಾಗಿದ್ದ. ಅಮಾನಿಶಖೇತೊಗೆ ಎರಡು ಬಿರುದುಗಳಿದ್ದವು. 'ಕೊರೆ' ಎಂದರೆ ಆಳುವ ಅರಸು. 'ಕಂದಾಕೆ' ಎಂದರೆ ರಾಜಮಾತೆ ಅಥವಾ ರಾಜಮನೆತನದ ಹಿರಿಯ ಹೆಣ್ಣು. ಗ್ರೀಕರೂ ರೋಮನ್ನರೂ ಈ ಎರಡನೆಯದನ್ನು ಹೆಸರೆಂದೇ ತಿಳಿದು, ಕುಶ್ ದೇಶದ ರಾಣಿಯರನ್ನೆಲ್ಲ 'ಕಂದಾಕೆ' ಎಂದು ಕರೆದರು. ಬೈಬಲಿನ ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಕಂದಾಕೆಯ ಖಜಾನೆಯ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಓದುತ್ತ ಹೋಗುವ ಪ್ರಸಂಗವಿದೆ. ಯುರೋಪಿನ ಜನ ಈ ಬಿರುದನ್ನು ಬಹುಕಾಲ ಬಲ್ಲದ್ದು ಆ ಒಂದು ಪ್ರಸಂಗದಿಂದ.

ಭೂಗೋಳಕಾರ ಸ್ಟ್ರಾಬೊ ಇನ್ನೊಬ್ಬ ಕಂದಾಕೆಯ ಕಥೆ ಹೇಳುತ್ತಾನೆ. ಗಂಡಸಿನಂಥ ಗಟ್ಟಿಗಿತ್ತಿ, ಒಂದು ಕಣ್ಣು ಇಲ್ಲದವಳು. ರೋಮನ್ನರು ಈಜಿಪ್ಟನ್ನು ನುಂಗಿದ ಕೆಲವೇ ವರ್ಷಗಳಲ್ಲಿ, ಕ್ರಿಸ್ತಪೂರ್ವ 25ರ ಸುಮಾರಿಗೆ, ಕುಶ್ ಸೇನೆ ಗಡಿ ದಾಟಿ ಇಂದಿನ ಆಸ್ವಾನ್ ಪಟ್ಟಣದ ಮೇಲೆ ಬಿದ್ದು ಅಗಸ್ಟಸ್ ಚಕ್ರವರ್ತಿಯ ಪ್ರತಿಮೆಗಳನ್ನು ಕೆಡವಿತು. ರೋಮನ್ ಅಧಿಪತಿ ಪೆಟ್ರೋನಿಯಸ್ ತಿರುಗಿ ದಾಳಿ ಮಾಡಿದ. ಕೊನೆಗೆ ಕುಶ್ ರಾಯಭಾರಿಗಳು ಸಾಮೋಸ್ ದ್ವೀಪದಲ್ಲಿ ಅಗಸ್ಟಸನನ್ನು ಕಂಡು ಒಪ್ಪಂದ ಮಾಡಿಕೊಂಡರು. ಆ ಒಪ್ಪಂದದಲ್ಲಿ ಕಪ್ಪಕಾಣಿಕೆಯನ್ನು ಮನ್ನಾ ಮಾಡಿಸಿಕೊಂಡದ್ದು ಸಣ್ಣ ಮಾತಲ್ಲ. 1910ರಲ್ಲಿ ಜಾನ್ ಗಾರ್ಸ್ಟಾಂಗ್ ಮೆರೊಯಿಯಲ್ಲಿ ಅಗೆದಾಗ ಒಂದು ಗುಡಿಯ ಮೆಟ್ಟಿಲ ಬಳಿ ಅಗಸ್ಟಸನ ಕಂಚಿನ ತಲೆ ಸಿಕ್ಕಿತು. ಒಳಗೆ ಹೋಗುವವರೆಲ್ಲ ತುಳಿದುಕೊಂಡೇ ಹೋಗಲಿ ಎಂದು ಹೂತಿಟ್ಟ ತಲೆ ಅದು. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಯುದ್ಧದ ಕಾಲದ ಆ ಒಕ್ಕಣ್ಣ ರಾಣಿ ಅಮಾನಿರೇನಾಸ್ ಎಂದು ಬಹುಪಾಲು ವಿದ್ವಾಂಸರ ಎಣಿಕೆ. ಅವಳ ನಂತರದ ತಲೆಮಾರಿನವಳು ಅಮಾನಿಶಖೇತೊ. ರೋಮ್ ಜೊತೆಗಿನ ಶಾಂತಿಯ ಫಲ ಉಂಡವಳು. ವಾದ್ ಬನ್ ನಕದ ದೊಡ್ಡ ಅರಮನೆಯೊಂದಿಗೆ ಅವಳ ಹೆಸರು ಸೇರಿದೆ. ನಕ ಎಂಬಲ್ಲಿಯ ಅಮುನ್ ಗುಡಿಯಲ್ಲಿ ಸಿಕ್ಕ ಶಿಲಾಫಲಕವೊಂದರಲ್ಲಿ ಅವಳು ಸಿಂಹದೇವರ ಮಡದಿಯಾದ ಅಮೆಸೆಮಿ ದೇವಿಯ ಎದುರು ನಿಂತಿದ್ದಾಳೆ.

ಅವಳ ಸಮಾಧಿಯ ಮುಂದಿನ ಗುಡಿಯ ದ್ವಾರದ ಗೋಡೆಯ ಮೇಲೆ ಅವಳದೇ ಉಬ್ಬುಚಿತ್ರವಿತ್ತು. ಸೆರೆಯಾಳುಗಳನ್ನು ಭರ್ಜಿಯಿಂದ ತಿವಿಯುತ್ತಿರುವ ಭಾರಿ ಮೈಕಟ್ಟಿನ ಹೆಂಗಸು. ಅಗಲವಾದ ಸೊಂಟ, ದಪ್ಪ ತೋಳು, ಉದ್ದುದ್ದ ಉಗುರು. ಈಜಿಪ್ಟಿನ ರಾಣಿಯರನ್ನು ಬಳುಕುವ ಬಳ್ಳಿಯಂತೆ ಕೆತ್ತುವುದು ರೂಢಿ. ಮೆರೊಯಿಯ ಶಿಲ್ಪಿಗೆ ರಾಣಿ ಎಂದರೆ ತುಂಬಿದ ಮೈ, ತುಂಬಿದ ಕಣಜ. ಉಗುರು ಬೆಳೆಸುವುದು ಕೈಗೆಲಸ ಮಾಡಬೇಕಿಲ್ಲದವರ ಲಕ್ಷಣವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥವಳು ಸತ್ತಾಗ ಏನು ಮಾಡುತ್ತಿದ್ದರು? ಇಲ್ಲಿ ಒಂದು ಅಂಶವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಈಜಿಪ್ಟಿನ ಗೀಜಾದ ಮಹಾ ಪಿರಮಿಡ್ಡಿನ ಹೊಟ್ಟೆಯೊಳಗೆ ಕೋಣೆಗಳಿವೆ, ಓಣಿಗಳಿವೆ. ಮೆರೊಯಿಯ ಪಿರಮಿಡ್ಡಿಗೆ ಹೊಟ್ಟೆಯೇ ಇಲ್ಲ. ಹೆಣವನ್ನು ಇಡುವ ಕೋಣೆ ಇರುವುದು ನೆಲದ ಕೆಳಗೆ. ಮೊದಲು ಪೂರ್ವ ದಿಕ್ಕಿನಿಂದ ಇಳಿಜಾರಾಗಿ ಮೆಟ್ಟಿಲು ಕಡಿದುಕೊಂಡು ಹೋಗಿ, ಬಂಡೆಯೊಳಗೆ ಒಂದೋ ಎರಡೋ ಮೂರೋ ಕೋಣೆ ಕೊರೆಯುತ್ತಿದ್ದರು. ರಾಣಿಯನ್ನು ಆ ಮೆಟ್ಟಿಲಲ್ಲೇ ಇಳಿಸಿ ಮಲಗಿಸಿ, ಒಡವೆ, ಪಾತ್ರೆಪಡಗ ಇಟ್ಟು, ಬಾಗಿಲಿಗೆ ಕಲ್ಲು ಕಟ್ಟಿ, ಮೆಟ್ಟಿಲನ್ನು ಮಣ್ಣುಕಲ್ಲು ತುಂಬಿ ಮುಚ್ಚುತ್ತಿದ್ದರು. ಪಿರಮಿಡ್ಡು ಏಳುತ್ತಿದ್ದುದು ಅದಾದ ಮೇಲೆ. ಆದ್ದರಿಂದ ಸತ್ತವರ ಪಿರಮಿಡ್ಡನ್ನು ಮುಗಿಸುವ ಹೊಣೆ ಪಟ್ಟಕ್ಕೆ ಬಂದವರದು. ಕೆಲವು ಪಿರಮಿಡ್ಡುಗಳು ಚೆನ್ನಾಗಿಯೂ ಕೆಲವು ಕಳಪೆಯಾಗಿಯೂ ಇರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಕಟ್ಟುವ ರೀತಿಯೂ ಸ್ವಾರಸ್ಯದ್ದು. ಹೊರಗೆ ಕೆತ್ತಿದ ಕಲ್ಲಿನ ಹೊದಿಕೆ, ಒಳಗೆ ಕಲ್ಲುಚೂರು ಮತ್ತು ಮಣ್ಣಿನ ತುಂಬು. ಗೋಡೆ ಸುಮಾರು 70 ಡಿಗ್ರಿ ಕಡಿದಾಗಿ ಏರುತ್ತದೆ. ಇಷ್ಟು ಕಡಿದಾದದ್ದನ್ನು ಇಳಿಜಾರು ದಿಬ್ಬ ಹಾಕಿ ಕಟ್ಟಲಾಗದು. ಪೂರ್ವ ಜರ್ಮನಿಯ ವಾಸ್ತುಶಿಲ್ಪಿ ಫ್ರೀಡ್ರಿಷ್ ಹಿಂಕಲ್ ಹಲವು ದಶಕ ಈ ಪಿರಮಿಡ್ಡುಗಳನ್ನು ಅಳೆದು, ಹಲವನ್ನು ದುರಸ್ತಿ ಮಾಡಿದವನು. 1960ರ ದಶಕದಲ್ಲಿ ಆಸ್ವಾನ್ ಅಣೆಕಟ್ಟಿನ ನೀರಿಗೆ ಮುಳುಗಲಿದ್ದ ಗುಡಿಗಳನ್ನು ಬಿಚ್ಚಿ ಖಾರ್ಟೂಮಿಗೆ ಸಾಗಿಸಿದವನೂ ಅವನೇ. ಪಿರಮಿಡ್ಡಿನ ನಟ್ಟನಡುವೆ ನಿಲ್ಲಿಸಿದ್ದ ಮರದ ಕಂಬದ ಕುರುಹು ಅವನಿಗೆ ಸಿಕ್ಕಿತು. ಅದರಿಂದ ಅವನು ಕಟ್ಟಿದ ತರ್ಕ ಹೀಗೆ: ನಡುವೆ ಒಂದು ಏತ ನಿಲ್ಲಿಸಿ, ಬಾವಿಯಿಂದ ನೀರೆತ್ತುವಂತೆ ಕಲ್ಲನ್ನು ಎತ್ತಿ ಸುತ್ತಲೂ ಇಟ್ಟುಕೊಂಡು ಬರುತ್ತಿದ್ದರು. ಕಟ್ಟಡ ಏರಿದಂತೆ ಏತವೂ ಏರುತ್ತಿತ್ತು. ನೈಲ್ ದಂಡೆಯ ರೈತ ದಿನವೂ ಬಳಸುವ ಸಲಕರಣೆಯೇ ಅರಸರ ಸಮಾಧಿಗೂ ಬಂತು. ಏತದ ಕೈ ಎಷ್ಟು ದೂರ ಚಾಚುತ್ತದೋ ಅಷ್ಟೇ ಪಿರಮಿಡ್ಡಿನ ಅಗಲ. ಅವು ಈಜಿಪ್ಟಿನವಕ್ಕಿಂತ ಸಣ್ಣವೂ ಚೂಪಾದವೂ ಆಗಿರುವುದು ಬಡತನದಿಂದ ಎನ್ನುವವರು ಈ ಏತವನ್ನು ನೆನೆಯಬೇಕು.

ಪಿರಮಿಡ್ಡಿನ ಪೂರ್ವಕ್ಕೆ ಆತುಕೊಂಡು ಒಂದು ಪುಟ್ಟ ಗುಡಿ. ಸೂರ್ಯ ಹುಟ್ಟುವ ಕಡೆಗೆ ಬಾಗಿಲು. ಅಲ್ಲಿ ಎಡೆಯಿಡುವ ಕಲ್ಲಿನ ಪೀಠ. ಮೆರೊಯಿ ಲಿಪಿಯ ಅಕ್ಷರಗಳ ಉಚ್ಚಾರವನ್ನು ಬ್ರಿಟಿಷ್ ವಿದ್ವಾಂಸ ಗ್ರಿಫಿತ್ 1911ರ ಹೊತ್ತಿಗೆ ಬಿಡಿಸಿದ. ಭಾಷೆ ಮಾತ್ರ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಆದರೆ ಸಮಾಧಿಗಳಲ್ಲಿ ಮತ್ತೆಮತ್ತೆ ಬರುವ ಬೇಡಿಕೆಯೊಂದು ತಿಳಿದಿದೆ. ಐಸಿಸ್, ಒಸೈರಿಸ್ ದೇವತೆಗಳನ್ನು ಕರೆದು, ಸತ್ತವರಿಗೆ ಹೇರಳವಾಗಿ ನೀರು ಕೊಡಿ, ಹೇರಳವಾಗಿ ರೊಟ್ಟಿ ಕೊಡಿ ಎಂದು ಕೇಳುವುದು. ಮರುಭೂಮಿಯ ಅಂಚಿನ ಜನ ಮೊದಲು ಕೇಳಿದ್ದು ನೀರನ್ನು.

ಇನ್ನು ಆ ವೈದ್ಯನ ಕಥೆ. ಅವನ ಹೆಸರು ಜುಸೆಪ್ಪೆ ಫೆರ್ಲಿನಿ, ಇಟಲಿಯ ಬೊಲೋನ್ಯದವನು. ಈಜಿಪ್ಟಿನ ಮಹಮ್ಮದ್ ಅಲಿಯ ಸೇನೆಗೆ ವೈದ್ಯನಾಗಿ ಸೇರಿ, ಆಗಷ್ಟೇ ಗೆದ್ದಿದ್ದ ಸುಡಾನಿನಲ್ಲಿ ಕೆಲವು ವರ್ಷ ಸೇವೆ ಮಾಡಿದ. ಊರಿಗೆ ಹಿಂದಿರುಗುವ ಮುನ್ನ ನಿಧಿ ಹುಡುಕುವ ಮನಸ್ಸಾಯಿತು. ಅಂತೋನಿಯೊ ಸ್ತೆಫಾನಿ ಎಂಬ ಅಲ್ಬೇನಿಯದ ವ್ಯಾಪಾರಿ ಪಾಲುದಾರನಾದ. ಪ್ರಾಂತದ ಅಧಿಪತಿ ಖುರ್ಷಿದ್ ಪಾಷಾನಿಂದ ಅಪ್ಪಣೆ ಸಿಕ್ಕಿತು. 1834ರಲ್ಲಿ ಇಬ್ಬರೂ ಕೂಲಿಯಾಳುಗಳನ್ನು ಕಟ್ಟಿಕೊಂಡು ಹೊರಟರು. ವಾದ್ ಬನ್ ನಕದಲ್ಲಿ ಅಗೆದದ್ದು ದಂಡವಾಯಿತು. ಮೆರೊಯಿಗೆ ಬಂದು ಸಣ್ಣ ಪಿರಮಿಡ್ಡುಗಳನ್ನು ಒಡೆದರು. ಅಲ್ಲೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಕೊನೆಗೆ ದೊಡ್ಡದಕ್ಕೇ ಕೈ ಹಾಕಿದರು. ಅಗೆಯುವುದು ಎಂದರೆ ಇಲ್ಲಿ ಕೆಳಗಿನಿಂದ ಅಲ್ಲ, ತುದಿಯಿಂದ ಒಂದೊಂದೇ ವರಸೆ ಕಲ್ಲು ಕಿತ್ತು ಕೆಳಕ್ಕೆ ಉರುಳಿಸುವುದು.

ಮುಂದಿನದು ಫೆರ್ಲಿನಿಯ ಬಾಯಲ್ಲೇ ಕೇಳಬೇಕಾದ ಕಥೆ. 1837ರಲ್ಲಿ ಬೊಲೋನ್ಯದಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಗೆಯಲ್ಲಿ ಅದನ್ನು ಅವನು ಬರೆದಿದ್ದಾನೆ. ತುದಿಯ ಕಲ್ಲುಗಳನ್ನು ಕಿತ್ತ ಸ್ವಲ್ಪ ಹೊತ್ತಿಗೆ ಒಂದು ಸಂದು ಕಾಣಿಸಿತಂತೆ. ಒಳಗೆ ಇಕ್ಕಟ್ಟಾದ ಕೋಣೆ. ಅದರಲ್ಲಿ ಬಿಳಿಯ ಬಟ್ಟೆ ಹೊದಿಸಿದ ಏನೋ ಒಂದು. ಮುಟ್ಟಿದೊಡನೆ ಬಟ್ಟೆ ಪುಡಿಪುಡಿಯಾಯಿತು. ಕೆಳಗೆ ನಾಲ್ಕು ಉರುಳೆಗಾಲುಗಳ ಮೇಲೆ ನಿಂತ ಚೌಕಾಕಾರದ ಒಂದು ಹಲಗೆ. ಅದರಡಿಯಲ್ಲಿ ಕಂಚಿನ ಪಾತ್ರೆ, ಪಾತ್ರೆಯೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಚಿನ್ನದ ಒಡವೆ. ಪಕ್ಕದ ನೆಲದಲ್ಲಿ ದಾರ ಕೊಳೆತು ಚೆಲ್ಲಿದ ಮಣಿಸರಗಳು. ಹತ್ತು ಕಡಗ, ಎಪ್ಪತ್ತಕ್ಕೂ ಮಿಕ್ಕಿ ಉಂಗುರ, ತೋಳುಬಂದಿ, ಲೆಕ್ಕವಿಲ್ಲದಷ್ಟು ತಾಯಿತ, ಮಣಿ. ಫೆರ್ಲಿನಿ ಅದೆಲ್ಲವನ್ನೂ ಚರ್ಮದ ಚೀಲಗಳಿಗೆ ತುಂಬಿದ. ಪಿರಮಿಡ್ಡನ್ನು ಬುಡದವರೆಗೂ ಕೆಡವಿದ. ನಡುಮಧ್ಯದಲ್ಲಿ ಇನ್ನೆರಡು ಕಂಚಿನ ಪಾತ್ರೆ ಸಿಕ್ಕವು ಎಂದೂ ಬರೆದ. ಅಷ್ಟರಲ್ಲಿ ಚಿನ್ನದ ಸುದ್ದಿ ಹಬ್ಬಿತು. ಕೂಲಿಯಾಳುಗಳು ತಮ್ಮನ್ನು ಕೊಲ್ಲಲು ಹೊಂಚುತ್ತಿದ್ದಾರೆಂದು ಕಿವಿಗೆ ಬಿದ್ದು, ಪಾಲುದಾರನೊಂದಿಗೆ ರಾತ್ರೋರಾತ್ರಿ ಬರ್ಬರ್ ಪಟ್ಟಣದ ದಾರಿ ಹಿಡಿದ.

ಯುರೋಪಿಗೆ ಬಂದ ಮೇಲೆ ಕಷ್ಟ ಬೇರೆಯ ರೂಪದಲ್ಲಿ ಎದುರಾಯಿತು. ಒಡವೆಯನ್ನು ಕಂಡವರಿಗೆ ನಂಬಿಕೆ ಬರಲಿಲ್ಲ. ಇದು ಈಜಿಪ್ಟಿನದೂ ಅಲ್ಲ, ಗ್ರೀಕರದೂ ಅಲ್ಲ. ಎರಡರ ಗಾಳಿಯೂ ಇದೆ, ಮೂರನೆಯದೊಂದೂ ಇದೆ. ಆಫ್ರಿಕದ ಒಳನಾಡಿನಲ್ಲಿ ಇಂಥ ಕುಸುರಿ ಆದೀತೇ, ನಕಲಿ ಇದ್ದೀತು ಎಂಬ ಗುಮಾನಿ. ಆ ಗುಮಾನಿಯಲ್ಲಿ ವಿದ್ವತ್ತು ಎಷ್ಟಿತ್ತು, ಕಪ್ಪು ಜನರ ಬಗೆಗಿನ ತಾತ್ಸಾರ ಎಷ್ಟಿತ್ತು ಎಂದು ತೂಗಿ ಹೇಳುವುದು ಕಷ್ಟ. ಎರಡನೆಯದು ಕಡಿಮೆ ಇದ್ದಿರಲಾರದು. ಬವೇರಿಯದ ದೊರೆ ಒಂದನೆಯ ಲುಡ್ವಿಗ್ 1840ರ ಹೊತ್ತಿಗೆ ಒಂದು ಪಾಲು ಕೊಂಡ. ಉಳಿದದ್ದನ್ನು 1844ರಲ್ಲಿ ಬರ್ಲಿನ್ ಮ್ಯೂಸಿಯಂ ಕೊಂಡುಕೊಂಡಿತು. ಅದಕ್ಕೆ ಶಿಫಾರಸು ಮಾಡಿದವನು ಜರ್ಮನಿಯ ಹೆಸರಾಂತ ವಿದ್ವಾಂಸ ಲೆಪ್ಸಿಯಸ್. ಅದೇ ವರ್ಷ ಅವನು ಖುದ್ದು ಮೆರೊಯಿಗೆ ಹೋಗಿ ಗುಡಿಗಳ ಗೋಡೆಚಿತ್ರಗಳನ್ನು ಕಂಡಿದ್ದ. ಅಲ್ಲಿ ರಾಣಿಯರು ತೊಟ್ಟ ಆಭರಣವೂ ಫೆರ್ಲಿನಿಯ ಚೀಲದ ಆಭರಣವೂ ಒಂದೇ ಮಾದರಿಯವು ಎಂದ ಮೇಲೆ ನಕಲಿಯ ಮಾತು ನಿಲ್ಲಲಿಲ್ಲ.

ಲೆಪ್ಸಿಯಸ್ ಮೆರೊಯಿಯಲ್ಲಿದ್ದಾಗಲೇ ಇನ್ನೊಂದು ಅಪಾಯ ತಲೆಯೆತ್ತಿತ್ತು. ಫೆರ್ಲಿನಿಗೆ ಚಿನ್ನ ಸಿಕ್ಕ ಸುದ್ದಿ ಎಲ್ಲರ ತಲೆಯಲ್ಲೂ ಕೂತಿತ್ತು. ದಂಡಯಾತ್ರೆ ಮುಗಿಸಿ ಬರುತ್ತಿದ್ದ ಉಸ್ಮಾನ್ ಬೇ ಎಂಬ ಸೇನಾನಿ ತನ್ನ ಸಿಪಾಯಿಗಳನ್ನು ಬಿಟ್ಟು ಪಿರಮಿಡ್ಡುಗಳನ್ನೆಲ್ಲ ಒಡೆಸಿಕೊಡುವೆನೆಂದು ಮುಂದಾದ. ಲೆಪ್ಸಿಯಸ್ ಹೇಗೋ ಅವನನ್ನು ತಡೆದ. ಹಾಗೆ ತಡೆಯುವವರು ಎಲ್ಲ ಕಾಲಕ್ಕೂ ಇರಲಿಲ್ಲ. ಫೆರ್ಲಿನಿ ಒಬ್ಬನೇ ನಲವತ್ತು ಪಿರಮಿಡ್ಡುಗಳ ತಲೆ ಹಾರಿಸಿದನೆಂದು ಜನಪ್ರಿಯ ಬರಹಗಳಲ್ಲಿ ಓದುತ್ತೇವೆ. ಅಷ್ಟೂ ಪಾಪವನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನು ನೇರವಾಗಿ ಕೆಡವಿದ್ದು ಕೆಲವನ್ನು. ಹಳೆಯ ಕಲ್ಲನ್ನು ಹೊತ್ತೊಯ್ದವರು, ಗಾಳಿಮಳೆ, ಮುಂದಿನ ನಿಧಿಗಳ್ಳರು ಎಲ್ಲರಿಗೂ ಇದರಲ್ಲಿ ಪಾಲಿದೆ. ಆದರೆ ನಿಧಿ ಇರುವುದು ತುದಿಯಲ್ಲಿ ಎಂಬ ಮಾತನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದವನು ಅವನೇ.

ಆ ಮಾತು ನಿಜವೇ? 1903ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಾಲಿಸ್ ಬಡ್ಜ್ ಇಲ್ಲಿಗೆ ಬಂದು ಪಿರಮಿಡ್ಡುಗಳ ಮೈ ಸೀಳಿ ನೋಡಿದ. ಮೇಲುಗಡೆ ಎಲ್ಲೂ ಕೋಣೆ ಇರಲಿಲ್ಲ. 1920ರ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜ್ ರೈಸ್ನರ್ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಬಾಸ್ಟನ್ ಮ್ಯೂಸಿಯಂ ಪರವಾಗಿ ಇಡೀ ಸ್ಮಶಾನವನ್ನು ಕ್ರಮವಾಗಿ ಅಗೆದ. ಅವನು ಮೆಟ್ಟಿಲು ಹುಡುಕಿಕೊಂಡು ಕೆಳಕ್ಕೆ ಇಳಿದ. ಎಲ್ಲ ಕಡೆಯೂ ಸಮಾಧಿಯ ಕೋಣೆ ನೆಲದ ಕೆಳಗೇ. ಅವುಗಳಲ್ಲಿ ಬಹುಪಾಲನ್ನು ಪ್ರಾಚೀನ ಕಾಲದಲ್ಲೇ ಕಳ್ಳರು ಹೊಕ್ಕು ಬಳಿದಿದ್ದರು. ಹಾಗಾದರೆ ಒಂದೇ ಒಂದು ಪಿರಮಿಡ್ಡಿನ ತುದಿಯಲ್ಲಿ ಮಾತ್ರ ಕೋಣೆ ಕಟ್ಟಿ ರಾಣಿಯ ಒಡವೆಯನ್ನೆಲ್ಲ ಏಕೆ ಇಟ್ಟರು? ಕಲ್ಲುಚೂರು ತುಂಬಿದ ಮೈಯಲ್ಲಿ, ಏತದ ಕಂಬದ ಜಾಗದಲ್ಲಿ, ಕೋಣೆಗೆ ನೆಲೆಯಾದರೂ ಎಲ್ಲಿ?

ಫೆರ್ಲಿನಿ ಸುಳ್ಳು ಹೇಳಿರಬೇಕೆಂಬ ಅನುಮಾನಕ್ಕೆ ಒಳ್ಳೆಯ ಸಾಕ್ಷಿ ಇರುವುದು ಅವನ ವರ್ಣನೆಯಲ್ಲೇ. ಬಿಳಿ ಬಟ್ಟೆಯ ಕೆಳಗಿನ ಆ ನಾಲ್ಕು ಕಾಲಿನ ಹಲಗೆಯನ್ನು ಮತ್ತೆ ನೋಡಬೇಕು. ನ್ಯೂಬಿಯದ ಜನ ಸತ್ತವರನ್ನು ಮಂಚದ ಮೇಲೆ ಮಲಗಿಸಿ ಹೂಳುವ ಪದ್ಧತಿ ಬಹಳ ಹಳೆಯದು. ಮೆರೊಯಿಗೆ ಸಾವಿರದೈನೂರು ವರ್ಷ ಮುಂಚಿನ ಕೆರ್ಮಾ ನಗರದಲ್ಲಿ ಅರಸರ ಹೆಣವನ್ನು ಮಂಚದ ಮೇಲಿಟ್ಟು ಭಾರಿ ದಿಬ್ಬ ಹಾಕುತ್ತಿದ್ದರು. ಅಂಥ ಒಂದು ದಿಬ್ಬದಲ್ಲಿ ಜೊತೆಗೆ ಹೋದವರ ಎಲುಬುಗಳು ಮುನ್ನೂರಕ್ಕೂ ಹೆಚ್ಚು. ಈಜಿಪ್ಟನ್ನೇ ಗೆದ್ದು ಫೇರೋ ಎನಿಸಿಕೊಂಡ ಕುಶ್ ದೊರೆ ಪಿಯೆ, ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ, ಎಲ್ ಕುರ್ರುವಿನಲ್ಲಿ ಈಜಿಪ್ಟಿನವರಂತೆ ಪಿರಮಿಡ್ಡು ಕಟ್ಟಿಸಿಕೊಂಡ. ಆದರೆ ಒಳಗೆ ಶವವಿಡುವ ಕಲ್ಲುಕಟ್ಟೆಯ ನಾಲ್ಕು ಮೂಲೆಗಳನ್ನು ಮಂಚದ ಕಾಲು ಕೂರಲೆಂದು ಕಡಿಸಿದ್ದ. ಹೊರಗೆ ಯಾವ ವೇಷವಿದ್ದರೂ ಮಲಗುವುದು ಅಜ್ಜ ಮಲಗಿದ ಹಾಗೆ. ಫೆರ್ಲಿನಿ ಕಂಡದ್ದೂ ಇಂಥ ಮಂಚವೇ ಇರಬೇಕು, ಮಂಚವಿದ್ದರೆ ಅದು ಶವದ ಕೋಣೆಯೇ ಆಗಬೇಕು, ಅಂದರೆ ನೆಲದ ಕೆಳಗೆ. 1996ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು, ಮಾರ್ಕೋವಿಟ್ಸ್ ಮತ್ತು ಲಕೋವಾರ, ಒಡವೆ ಬಂದದ್ದು ಕೆಳಗಿನ ಕೋಣೆಯಿಂದಲೇ ಎಂದು ವಾದಿಸಿದರು.

ಸುಳ್ಳು ಏಕೆ ಹೇಳಿದ? ಬೇರೆಯವರು ದಾರಿ ತಪ್ಪಲಿ, ಮತ್ತೆ ಬಂದರೆ ತನಗೇ ಸಿಗಲಿ ಎಂಬ ಲೆಕ್ಕ ಇದ್ದಿರಬಹುದು. ತುದಿಯಲ್ಲಿ ಸಿಕ್ಕಿತು ಎಂದರೆ ಪಿರಮಿಡ್ಡು ಕೆಡವಿದ್ದಕ್ಕೆ ಸಮಜಾಯಿಷಿಯೂ ಆಗುತ್ತದೆ. ಈಗಲೂ ಅವನ ಮಾತನ್ನು ಪೂರ್ತಿ ತಳ್ಳಿಹಾಕದವರಿದ್ದಾರೆ. ಮೇಲ್ಭಾಗದಲ್ಲಿ ಗೂಡಿನಂಥ ರಚನೆ ಈ ಪಿರಮಿಡ್ಡಿಗೆ ಇದ್ದುದರಿಂದ, ಕಳ್ಳರ ಭಯಕ್ಕೆ ಹೊಸ ಜಾಗ ಹುಡುಕಿರಬಹುದಲ್ಲ ಎನ್ನುತ್ತಾರೆ. ಆದರೆ ಮಂಚದ ಸಾಕ್ಷಿಯ ಮುಂದೆ ಈ ವಾದ ತೆಳುವಾಗಿಯೇ ಕಾಣುತ್ತದೆ. ನಿಜ ಯಾವುದೇ ಇರಲಿ, ಪರೀಕ್ಷಿಸಲು ಪಿರಮಿಡ್ಡು ಉಳಿದಿಲ್ಲ. ಒಡವೆ ಯಾವ ಕೋಣೆಯಲ್ಲಿ, ಯಾವ ಕ್ರಮದಲ್ಲಿ, ರಾಣಿಯ ಮೈಮೇಲೆ ಇತ್ತೇ ಪಕ್ಕದಲ್ಲಿತ್ತೇ ಎಂಬುದನ್ನು ಸರಿಯಾಗಿ ಬರೆದುಕೊಂಡಿದ್ದರೆ, ಅರಸೊತ್ತಿಗೆಯ ಹೆಣ್ಣೊಬ್ಬಳ ಶವಸಂಸ್ಕಾರ ಹೇಗೆ ನಡೆಯಿತೆಂದು ಇಂದು ಹೆಜ್ಜೆಹೆಜ್ಜೆಯಾಗಿ ಹೇಳಬಹುದಿತ್ತು. ಫೆರ್ಲಿನಿಗೆ ಬೇಕಾಗಿದ್ದುದು ತೂಕ ಮತ್ತು ಎಣಿಕೆ. ಅವನ ಪಟ್ಟಿ ವ್ಯಾಪಾರಿಯ ಪಟ್ಟಿ.

ಒಡವೆ ಮಾತ್ರ ತನ್ನಷ್ಟಕ್ಕೆ ಬಹಳ ಹೇಳುತ್ತದೆ. ಕಡಗಗಳು ಎರಡು ಹೋಳಾಗಿ, ಕೀಲಿನಿಂದ ಕೂಡಿಕೊಳ್ಳುವಂಥವು. ಕೀಲಿನ ಮೇಲೆ ರೆಕ್ಕೆ ಬಿಚ್ಚಿದ ದೇವಿ. ಚಿನ್ನದ ಸಣ್ಣ ಸಣ್ಣ ಮನೆಗಳಲ್ಲಿ ನೀಲಿ, ಕೆಂಪು, ಹಸಿರು ಗಾಜನ್ನು ಕರಗಿಸಿ ಕೂರಿಸಿದ ಮೀನಾಕಾರಿ ಕೆಲಸ. 'ಗುರಾಣಿ ಉಂಗುರ' ಎಂದು ಕರೆಯುವ ಆಭರಣಗಳಲ್ಲಿ ಅಗಲವಾದ ಕಂಠಿಯ ಮೇಲೆ ಟಗರುಮುಖದ ಅಮುನ್, ತಲೆಯ ಮೇಲೆ ಸೂರ್ಯಬಿಂಬ, ಹಿಂದೆ ಗುಡಿಯ ಬಾಗಿಲು. ಅವನ್ನು ಬೆರಳಿಗೆ ತೊಟ್ಟರೆ ಕೈ ಮಡಿಸಲಾಗದು. ಹಾಗಾದರೆ ತೊಡುತ್ತಿದ್ದುದು ಎಲ್ಲಿ? ಗೋಡೆಚಿತ್ರಗಳಲ್ಲಿ ಕೆಲವರ ಹಣೆಯ ಮೇಲೆ, ಕೂದಲಿನಿಂದ ಇಳಿಬಿಟ್ಟಂತೆ ಇಂಥದೇ ಪದಕ ಕಾಣುವುದರಿಂದ ಇವು ಉಂಗುರವೇ ಅಲ್ಲ, ಬೈತಲೆಯ ಪದಕದಂಥವು ಎಂದು ಕೆಲವರ ಅಭಿಪ್ರಾಯ. ನಮ್ಮ ಹೆಂಗಸರಿಗೆ ಇದನ್ನು ಒಪ್ಪುವುದು ಕಷ್ಟವಾಗದು. ಉಳಿದ ಮುದ್ರೆಯುಂಗುರಗಳ ತುಂಬ ದೇವತೆ, ಅರಸು, ಪ್ರಾಣಿ. ಕಂಚಿನ ಪಾತ್ರೆಗಳಲ್ಲಿ ಗ್ರೀಕ್-ರೋಮನ್ ಕೈಕೆಲಸದ ಗುರುತು. ಯುದ್ಧ ಮಾಡಿದ ಶತ್ರುವಿನ ಸರಕು ತಲೆಮಾರು ಕಳೆಯುವುದರೊಳಗೆ ರಾಣಿಯ ಸಮಾಧಿಯವರೆಗೂ ಬಂದಿತ್ತು.

ಒಡವೆಯ ಒಂದು ಪಾಲು ಇಂದು ಮ್ಯೂನಿಕ್ಕಿನ ಈಜಿಪ್ಟ್ ಕಲಾ ಸಂಗ್ರಹಾಲಯದಲ್ಲಿ, ಇನ್ನೊಂದು ಪಾಲು ಬರ್ಲಿನ್ನಿನಲ್ಲಿ ಇದೆ. ಮೆರೊಯಿ ಮತ್ತು ಸುತ್ತಲಿನ ನೆಲೆಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2019ರ ಏಪ್ರಿಲ್‌ನಲ್ಲಿ ಖಾರ್ಟೂಮಿನ ಬೀದಿಗಳಲ್ಲಿ ಸರ್ವಾಧಿಕಾರಿ ಒಮರ್ ಬಷೀರನ ವಿರುದ್ಧ ಹಾಡುತ್ತ ನಿಂತ ಹೆಣ್ಣುಮಕ್ಕಳನ್ನು ಜನ ಕರೆದದ್ದು 'ಕಂದಾಕ' ಎಂದು. ಭಾಷೆ ಮರೆತುಹೋಗಿ, ಧರ್ಮ ಬದಲಾಗಿ, ಎರಡು ಸಾವಿರ ವರ್ಷ ಕಳೆದ ಮೇಲೂ ಬಿರುದು ಬದುಕಿತ್ತು. ಬಷೀರ್ ಇಳಿದ. ಆದರೆ ಬಂದೂಕು ಹಿಡಿದವರೇ ತಮ್ಮೊಳಗೆ ಕಾದಾಡತೊಡಗಿ 2023ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. 2025ರ ಮಾರ್ಚ್‌ನಲ್ಲಿ ಸೇನೆ ನಗರವನ್ನು ಹಿಂದಕ್ಕೆ ಪಡೆದು ಒಳಹೊಕ್ಕಾಗ ಉಗ್ರಾಣಗಳು ಬರಿದಾಗಿದ್ದವು. ಹೊತ್ತೊಯ್ಯಲಾಗದಷ್ಟು ಭಾರವಿದ್ದ ಕಲ್ಲಿನ ಪ್ರತಿಮೆಗಳು, ಮತ್ತು ಹಿಂಕಲ್ ಅಣೆಕಟ್ಟಿನ ನೀರಿನಿಂದ ಉಳಿಸಿ ತಂದು ತೋಟದಲ್ಲಿ ನಿಲ್ಲಿಸಿದ್ದ ಗುಡಿಗಳು ಅಲ್ಲೇ ಇದ್ದವು.